ಕೈಗೆ ಕೊಡದ ಕತ್ತರಿ

ರಾಯದುರ್ಗ
12 ಜೂನ್ 2024

ಚಿ. ದೇವಿಕಾಳಿಗೆ ನಿನ್ನ ಸೋದರಮಾವ ಆಂಜನಪ್ಪನ ಆಶೀರ್ವಾದಗಳು.

ಕೀನ್ಯಾ ಎಂಬ ದೇಶದ ಕಥೆಯನ್ನು ನನಗೆ ಮೊದಲು ಹೇಳಿದವನು ಗುಮ್ಮಘಟ್ಟದ ಸೂರಪ್ಪ. 2001ನೇ ಇಸವಿ, ದಸರೆ ಮುಗಿದ ಮಾರನೇ ದಿನ, ಇಲ್ಲಿನ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಹೇಳಿದ. ಅವನೇನೂ ಆ ದೇಶ ನೋಡಿದವನಲ್ಲ. ಅವನ ಷಡ್ಡಕ ಮುಂಬೈಯಲ್ಲಿ ಏಜೆಂಟನೊಬ್ಬನ ಆಫೀಸಿನ ಬಾಗಿಲು ಕಾಯುತ್ತಿದ್ದ, ಅಷ್ಟೇ. "ಅಲ್ಲಿ ಸಿಂಹ ಬಸ್ ಸ್ಟ್ಯಾಂಡಿಗೇ ಬರ್ತಾವಂತ್ರಿ ಮಾಸ್ಟರ್, ಟಿಕೀಟು ಮಾತ್ರ ತಗೊಳ್ಳಂಗಿಲ್ಲಂತ" ಎಂದ. ಅದನ್ನು ನಂಬಿ ನಾನು ಹೋಗಲಿಲ್ಲ. ಕಟಿಂಗ್ ಮಾಸ್ಟರಿಗೆ ಅಲ್ಲಿ ಒಳ್ಳೆಯ ಸಂಬಳ ಎಂದು ಕೊನೆಗೆ ಹೇಳಿದನಲ್ಲ, ಅದನ್ನು ನಂಬಿ ಹೋದೆ. ಮೂರು ವರ್ಷ ಇದ್ದೆ. ಸಿಂಹ ಒಂದೂ ಕಾಣಲಿಲ್ಲ.

ಈಗ ನೀನು ನಾನಿದ್ದ ಅದೇ ಅಥಿ ರಿವರ್ ಊರಿನ ಬಟ್ಟೆ ಕಾರ್ಖಾನೆಗೆ ಹೊಲಿಗೆ ಕಲಿಸಲು ಎರಡು ವರ್ಷ ಹೊರಟಿದ್ದೀ ಎಂದು ನಿನ್ನ ಅವ್ವ ನಾಗಕ್ಕ ಫೋನಿನಲ್ಲಿ ಹೇಳಿದಳು. ನನಗೆ ಕೇಳಿಸಿದ್ದು ಬರೀ ಗುಂಯ್ ಎಂಬ ಸದ್ದು. ಬಟ್ಟೆ ಕತ್ತರಿಸುವ ಯಂತ್ರದ ಪಕ್ಕದಲ್ಲೇ ಆಯುಸ್ಸು ಕಳೆದ ಕಿವಿ ಇದು. ನಿನ್ನ ಅತ್ತೆ ಬಾಲಮ್ಮ ಕೂಗಿ ಹೇಳಿದ ಮೇಲೆ ತಿಳಿಯಿತು. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದವನ್ನೇ ಬರಿ.

ಮೊದಲ ಸಲ ಹೋಗುವವರಿಗೆ ನಾಲ್ಕು ಮಾತು ಹೇಳಬೇಕು. ಆಫ್ರಿಕಾ ಎಂದರೆ ಸುಡುವ ಬಿಸಿಲು ಎಂದುಕೊಂಡು ನಾನು ತೆಳ್ಳನೆಯ ಅಂಗಿಗಳನ್ನು ಒಯ್ದಿದ್ದೆ. ಜುಲೈ ತಿಂಗಳಲ್ಲಿ ಹಲ್ಲು ಕಟಕಟ ಎಂದವು. ಸ್ವೆಟರ್ ಇಟ್ಟುಕೋ. ನೀರು ಕುದಿಸಿ ಕುಡಿ. ಗಡಿಯಾರದ ವಿಷಯದಲ್ಲಿ ಮೋಸ ಹೋಗಬೇಡ. ಅವರು ತಮ್ಮ ಭಾಷೆಯಲ್ಲಿ ಹೊತ್ತು ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಾರೆ. ಎರಡು ಗಂಟೆಗೆ ಬಾ ಎಂದರೆ ನಮ್ಮ ಬೆಳಗಿನ ಎಂಟು. ನಾನು ಮೊದಲ ದಿನ ಊಟ ಮುಗಿಸಿ, ಕೈ ಒರೆಸಿಕೊಂಡು, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹೋಗಿ ನಿಂತಿದ್ದೆ. ಅಂಗಡಿಗೆ ಹೋದರೂ ಮೊದಲು ಹೇಗಿದ್ದೀರಿ ಎಂದು ಕೇಳು, ಆಮೇಲೆ ಸಾಬೂನು ಕೇಳು. ಮಕ್ಕಳಿರುವ ಹೆಂಗಸರನ್ನು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ, ಇಂಥವಳ ಅಮ್ಮ ಎಂದು. ನೀನು ಎಡವಿದರೆ ಸುತ್ತ ಇದ್ದವರೆಲ್ಲ 'ಪೋಲೆ, ಪೋಲೆ' ಎನ್ನುತ್ತಾರೆ. ತಪ್ಪು ತಮ್ಮದು ಎಂದಲ್ಲ, ನಿನಗೆ ನೋವಾಯಿತಲ್ಲ ಎಂದು.

ಒಂದು ಸಣ್ಣ ಕೆಲಸವೂ ಇದೆ. ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ದ್ಯಾಮಮ್ಮ ನಮ್ಮ ಹೊಲಿಗೆ ಶೆಡ್ಡಿನ ಚಿಂದಿ ಗುಡಿಸಿ ಮುಗಿಸಿದಳು, ಚಹಾ ಕಾಸುವ ಪಂಪಮ್ಮ ಅವಳ ಲೋಟವನ್ನು ಬಾಗಿಲ ಕಲ್ಲಿನ ಮೇಲೆ ಇಟ್ಟಳು. ಅಂದರೆ ನಾಲ್ಕು ಗಂಟೆಯಾಯಿತು, ಅಂಚೆ ಡಬ್ಬಿ ತೆಗೆಯುವ ಹೊತ್ತು.

ನಿನ್ನ ಮಾವ,
ಆಂಜನಪ್ಪ


ಮಡಕಶಿರಾ
24 ಜೂನ್ 2024

ಮಾವನವರಿಗೆ ದೇವಿಕಾಳ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಸಿಂಹದ ಸಾಲನ್ನು ಹಾರಿಸಿ ಓದಬೇಕಿತ್ತು. "ನಮ್ ಕುರಿಗಾದ್ರೆ ತೋಳ ಬಂದ್ರೆ ನಾಯಿ ಐತೆ. ಅಲ್ಲಿ ನಿಂಗ್ಯಾರೇ ಅವ್ರೆ?" ಎಂದು ಮಂದೆಯ ನಡುವೆ ನಿಂತೇ ಅತ್ತಳು. ಕುರಿಗಳೂ ಅವಳ ಜೊತೆ ಸೇರಿಕೊಂಡವು.

ಮಾವ, ನೀವು ಹೋದ ಕಾಲ ಬೇರೆ. ಈಗ ಹೊರಡುವ ಮೊದಲೇ ಇಂಟರ್‌ನೆಟ್‌ನಲ್ಲಿ ಅನುಮತಿ ತೆಗೆದುಕೊಳ್ಳಬೇಕು. ಹಳದಿ ಜ್ವರದ ಸೂಜಿಯನ್ನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೆ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಆಗಿರಬೇಕಂತೆ. ಆ ಹಳದಿ ಚೀಟಿ ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮವರೇ ಆರು ದಿನ ಬೇರೆ ಇಡುತ್ತಾರಂತೆ. ಪ್ಲಾಸ್ಟಿಕ್ ಕೈಚೀಲ ಆ ದೇಶದೊಳಗೆ ಒಯ್ಯುವಂತೆಯೇ ಇಲ್ಲ. ನಮ್ಮ ಮನೆಯಲ್ಲಿ ಚಟ್ನಿಪುಡಿಯಿಂದ ಚಪ್ಪಲಿಯವರೆಗೆ ಎಲ್ಲವೂ ಕವರಿನಲ್ಲೇ ಇರುವುದಲ್ಲವೇ? ನಾಲ್ಕು ದಿನ ಕೂತು ಚಿಂದಿಯಲ್ಲಿ ಹದಿನೇಳು ಚೀಲ ಹೊಲಿದೆ. ಹುರಿಗಡಲೆಗೆ ಜೀನ್ಸ್ ಚೀಲ, ಅದಕ್ಕೆ ಹಿಂದಿನ ಜೇಬು ಬೇರೆ.

ಸಣ್ಣ ಕೆಲಸ ಎಂದಿರಿ. ಹನ್ನೆರಡು ವರ್ಷದವಳಿದ್ದಾಗ ಬೇಸಿಗೆ ರಜೆಗೆ ರಾಯದುರ್ಗಕ್ಕೆ ಬಂದವಳನ್ನು 'ಸಣ್ಣ ಕೆಲಸ' ಎಂದು ಕೂರಿಸಿ ಇನ್ನೂರು ಜೇಬು ಕತ್ತರಿಸಲು ಹಚ್ಚಿದ್ದಿರಿ. ಕತ್ತರಿ ನಿಮ್ಮ ಕೈಗೆ ಕೊಡಲು ಬಂದರೆ ಬೆರಳ ಮೇಲೆ ಸ್ಕೇಲಿನಿಂದ ಒಂದು ಬಿಟ್ಟಿದ್ದಿರಿ. ಅದು ಇನ್ನೂ ನೆನಪಿದೆ. ಈ ಸಲದ ಸಣ್ಣ ಕೆಲಸ ಯಾವುದು?

ನಿಮ್ಮ,
ದೇವಿಕಾ


ರಾಯದುರ್ಗ
5 ಜುಲೈ 2024

ಚಿ. ದೇವಿಕಾಳಿಗೆ ಆಶೀರ್ವಾದಗಳು.

ಈ ಕಾಗದದ ಜೊತೆ ಒಂದು ಪಾರ್ಸೆಲ್ ಇದೆ. ಹಿತ್ತಾಳೆ ಹಿಡಿಯ ಹನ್ನೆರಡಿಂಚಿನ ಹೊಸ ಕತ್ತರಿ. ಸಾಣೆ ಹಿಡಿಸಿ ಎಣ್ಣೆ ಹಚ್ಚಿದ್ದೇನೆ. ಕೈಚೀಲದಲ್ಲಿ ಇಟ್ಟುಕೊಂಡರೆ ವಿಮಾನದವರು ಕಿತ್ತುಕೊಳ್ಳುತ್ತಾರೆ. ತೂಕ ಹಾಕಿ ಕಳಿಸುವ ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಇಡು.

ಇದನ್ನು ಮಾಮಾ ಮ್ವೆಂದೆ ಎಂಬಾಕೆಗೆ ತಲುಪಿಸಬೇಕು. ಮ್ವೆಂದೆ ಅವಳ ಮಗಳು, ಮಾಮಾ ಎಂದರೆ ಅಲ್ಲಿ ಅಮ್ಮ. ಆಕೆಯ ಸ್ವಂತ ಹೆಸರು ನನಗೆ ಗೊತ್ತಿಲ್ಲ. ಕಟಿಂಗ್ ಮೇಜಿನಲ್ಲಿ ಮೂರು ವರ್ಷ ನನ್ನ ಎದುರಿಗೇ ನಿಂತು ಕೆಲಸ ಮಾಡಿದಳು. ನಾನು ಹೋದ ಮೊದಲ ವಾರ ನನ್ನ ಪೆಟ್ಟಿಗೆ ಎಲ್ಲೋ ತಪ್ಪಿ, ಕತ್ತರಿ ಇಲ್ಲದೆ ನಿಂತಿದ್ದೆ. ಆಕೆ ತನ್ನ ಕತ್ತರಿಯನ್ನು ಚಾಚಿದಳು. ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಅದಕ್ಕೆ ಆನಿಸಿ. ಅಲ್ಲಿ ಮರ್ಯಾದೆಯಿಂದ ಕೊಡುವ ರೀತಿ ಅದು. ನಾನು ತೆಗೆದುಕೊಳ್ಳಲಿಲ್ಲ, ಮೇಜು ತೋರಿಸಿ ಅಲ್ಲಿಡು ಎಂದೆ. ಯಾಕೆಂದು ನಿನಗೆ ಗೊತ್ತು. ಕತ್ತರಿ ಕೈಯಿಂದ ಕೈಗೆ ಹೋದರೆ ಇಬ್ಬರ ನಡುವೆ ಜಗಳ ಬರುತ್ತದೆ ಎಂದು ನನ್ನ ಗುರುಗಳು ನನಗೆ ಹೇಳಿಕೊಟ್ಟರು, ನಾನು ನಿನಗೆ ಹೇಳಿಕೊಟ್ಟೆ. ಆಕೆಗೆ ಹೇಳುವಷ್ಟು ಭಾಷೆ ಆಗ ನನಗಿರಲಿಲ್ಲ. ಭಾಷೆ ಬಂದ ಮೇಲೆ ಹೇಳಬಹುದಿತ್ತು, ಹೇಳಲಿಲ್ಲ.

ನಾನು ಊರಿಗೆ ಹೊರಟ ದಿನ ಸ್ಟೋರಿನವನು ಬಂದು ಹೇಳಿದ: "ಮಾಮಾ ಮ್ವೆಂದೆ ಕೇಳುತ್ತಿದ್ದಾಳೆ, ಮೂರು ವರ್ಷದಲ್ಲಿ ಈ ಮನುಷ್ಯ ನನ್ನ ಕೈಯಿಂದ ಒಂದು ಸಲವೂ ಏನನ್ನೂ ತೆಗೆದುಕೊಳ್ಳಲಿಲ್ಲ, ನನ್ನ ಕೈ ಅಷ್ಟು ಕೊಳಕೇ ಅಂತ." ಹೊರಗೆ ಕಾರು ನಿಂತಿತ್ತು. ಹತ್ತಿ ಬಂದುಬಿಟ್ಟೆ.

ಆಕೆಗೆ ವಿಷಯ ತಿಳಿಯಬೇಕು, ದೇವಿಕಾ. ನನಗೆ ಅರವತ್ತಮೂರಾಯಿತು. ಆಕೆಗೂ ಅಷ್ಟೇ ಆಗಿರಬೇಕು. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ತಿಳಿಯಬೇಕು.

ಕತ್ತರಿಯನ್ನು ಮೇಜಿನ ಮೇಲೆ ಇಡಬೇಡ. ಆಕೆಯ ಕೈಗೇ ಕೊಡು. ಜಗಳ ಬಂದರೆ ಬರಲಿ.

ಆಂಜನಪ್ಪ


ಅಥಿ ರಿವರ್, ಕೀನ್ಯಾ
18 ಆಗಸ್ಟ್ 2024

ಮಾವನವರಿಗೆ ನಮಸ್ಕಾರಗಳು.

ತಲುಪಿ ಮೂರು ವಾರವಾಯಿತು. ಈ ಕಾಗದದ ಫೋಟೋ ತೆಗೆದು ನಿಮ್ಮ ಬೀದಿಯ ಜೆರಾಕ್ಸ್ ಅಂಗಡಿ ಗುರುಪ್ರಕಾಶನ ಫೋನಿಗೆ ಕಳಿಸುತ್ತೇನೆ, ಅವನು ಕಾಗದಕ್ಕೆ ಇಳಿಸಿ ಕೊಡುತ್ತಾನೆ.

ಸ್ವೆಟರ್ ಹೇಳಿದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ದೂರದಲ್ಲಿ ಮೂರು ಜಿರಾಫೆ ಕಂಡವು, ಯಾರೋ ಬಯಲಲ್ಲಿ ಏಣಿ ನಿಲ್ಲಿಸಿ ಮರೆತು ಹೋದಂತೆ. ಸಿಂಹದ ಸುದ್ದಿ ಇಲ್ಲವೆಂದು ಅವ್ವನಿಗೆ ತಿಳಿಸಿ. ಟೊಮೆಟೊ ಮಾರುವ ಅಜ್ಜಿಯೂ ಇಲ್ಲಿ ಫೋನಿನಲ್ಲೇ ಹಣ ತೆಗೆದುಕೊಳ್ಳುತ್ತಾಳೆ. ಮೆಟ್ಟಿಲಲ್ಲಿ ಜಾರಿದೆ, ನಿಜಕ್ಕೂ ಹನ್ನೊಂದು ಜನ ಪೋಲೆ ಎಂದರು. ನೋವು ಅಲ್ಲೇ ಅರ್ಧ ಹೋಯಿತು.

ಒಂದು ಕೇಳಬೇಕು. ನೀರು ಹೇಳಿದಿರಿ, ಗಡಿಯಾರ ಹೇಳಿದಿರಿ, ಊಟದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ, ಯಾಕೆ? ಇಲ್ಲಿ ಉಗಾಲಿ ಅಂತ ಮಾಡುತ್ತಾರೆ, ನಮ್ಮ ಮುದ್ದೆಗೆ ಸುಣ್ಣ ಬಳಿದ ಹಾಗೆ. ಚಪಾತಿಯನ್ನಂತೂ ಪದರ ಪದರವಾಗಿ ಮಾಡುತ್ತಾರೆ. ಹೆಸರೂ ಚಪಾತಿಯೇ! ಮೂರು ವರ್ಷ ಇದ್ದು ಇದನ್ನು ಹೇಳಲೇ ಇಲ್ಲವಲ್ಲ ಮಾವ.

ಇನ್ನು ನಿಮ್ಮ ಮಾಮಾ ಮ್ವೆಂದೆ. ಮೊದಲ ವಾರದಲ್ಲೇ ಮೂವರು ಸಿಕ್ಕರು. ಒಬ್ಬಳಿಗೆ ಇಪ್ಪತ್ತೆರಡು ವರ್ಷ. ನಮ್ಮೂರಲ್ಲಿ ಬಂದು ಲಕ್ಷ್ಮಿಯ ಅಮ್ಮ ಎಲ್ಲಿ ಎಂದು ಕೇಳಿದ ಹಾಗೆ ಇದು. ನಿಮ್ಮ ಹಳೆಯ ಕಾರ್ಖಾನೆಯನ್ನು ಯಾವಾಗಲೋ ಮುಚ್ಚಿದ್ದಾರೆ. ಅಲ್ಲಿಂದ ಬಂದ ಹಿರಿಯರು ನಮ್ಮಲ್ಲಿ ಕೆಲವರಿದ್ದಾರೆ, ಆಂಜನಪ್ಪ ಎಂದರೆ ಯಾರಿಗೂ ನೆನಪಿಲ್ಲ.

ಅಲ್ಲ ಮಾವ, ಇಪ್ಪತ್ತು ವರ್ಷದ ಮೇಲೆ ಸಮುದ್ರ ದಾಟಿಸಿ ಹಿತ್ತಾಳೆ ಹಿಡಿಯ ಕತ್ತರಿ. ಇದು ಬರೀ ಕತ್ತರಿಯ ವಿಷಯವೇ? ಅತ್ತೆಗೆ ಗೊತ್ತಾ?

ದೇವಿಕಾ


ರಾಯದುರ್ಗ
1 ಸೆಪ್ಟೆಂಬರ್ 2024

ಚಿ. ದೇವಿಕಾಳಿಗೆ,

ನನಗೆ ಕಿವಿ ಕೇಳದೆಂದು ಗುರುಪ್ರಕಾಶ್ ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತವರ ಮುಂದೆಯೇ ಕೂಗಿ ಓದಿದ. ಓದಲು ನನಗೆ ಕಣ್ಣಿದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ನಿನ್ನ ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಹನ್ನೆರಡಿಂಚಿಂದಂತ! ನನಗ ಒಂದು ಅಡಕೊತ್ತು ತಂದುಕೊಡ್ರಿ ಅಂದ್ರ ಹತ್ತು ವರ್ಷ ಆತು" ಎಂದಳು.

ನೀನು ತಿಳಿದಂತೆ ಏನೂ ಅಲ್ಲ. ಆಕೆ ಸಿಗದಿದ್ದರೆ ಬಿಡು, ಕತ್ತರಿ ನೀನೇ ಇಟ್ಟುಕೋ. ಊಟದ ಬಗ್ಗೆ ಬರೆಯಲು ಏನೂ ಇರಲಿಲ್ಲ.

ಆಂಜನಪ್ಪ


ರಾಯದುರ್ಗ
30 ಅಕ್ಟೋಬರ್ 2024

ದೇವಿಕಾ,

ಇದನ್ನು ಗುರುಪ್ರಕಾಶನ ಫೋನಿಗೆ ಹಾಕಲಿಲ್ಲ. ನಿಮ್ಮ ಕಾರ್ಖಾನೆಯ ಮೆಕ್ಯಾನಿಕ್ ಸಾಯಿಪ್ರಸಾದ್ ರಜೆಗೆ ಗುಮ್ಮಘಟ್ಟಕ್ಕೆ ಬಂದಿದ್ದಾನೆ. ಲಕೋಟೆಗೆ ಗೋಂದು ಹಚ್ಚಿ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ನಾನು ನಿನಗೆ ಅರ್ಧ ಹೇಳಿದೆ. ಕತ್ತರಿಯ ಮಾತು ನಿಜ. ಆದರೆ ಆಕೆ ಹೇಳಿದ್ದು 'ಏನನ್ನೂ' ಎಂದು, ಕತ್ತರಿಯನ್ನು ಎಂದಲ್ಲ. ನೀನು ಚಪಾತಿಯ ವಿಷಯ ಬರೆದೆಯಲ್ಲ, ಅಂದಿನಿಂದ ನನಗೆ ನಿದ್ದೆಯಿಲ್ಲ.

ಶನಿವಾರ ಅರ್ಧ ದಿನ ಕೆಲಸ. ಕತ್ತರಿ ಕೊಟ್ಟಾದ ಎರಡು ತಿಂಗಳಿಗೆ ಒಂದು ಶನಿವಾರ ಮಾಮಾ ಮ್ವೆಂದೆ ನೀಲಿ ಅಂಚಿನ ಪಿಂಗಾಣಿ ತಟ್ಟೆಯಲ್ಲಿ ಚಪಾತಿ ತಂದಳು. ಇದು ನಿಮ್ಮ ಕಡೆಯ ತಿಂಡಿಯಂತೆ, ಮನೆ ನೆನಪಾಗುತ್ತಿರಬೇಕು, ತಿನ್ನು ಎಂದು ಎರಡೂ ಕೈಯಲ್ಲಿ ಚಾಚಿದಳು. ನಮ್ಮ ದೇಶದ ಸೂಪರ್‌ವೈಸರ್‌ಗಳು ನಾಲ್ವರು ಗಾಜಿನ ಕೋಣೆಯಲ್ಲಿ ಬೇರೆ ಕೂತು ಉಣ್ಣುತ್ತಿದ್ದರು. ಅಲ್ಲಿನ ಕೆಲಸದವರ ಕೈಯದು ಏನೂ ಮುಟ್ಟುತ್ತಿರಲಿಲ್ಲ. ಅವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತ್ತು, ಅದು ಹೋದೀತೆಂಬ ಭಯ. ಗಾಜಿನ ಹಿಂದಿನಿಂದ ನೋಡುತ್ತಿದ್ದರು. ನಾನು ಮೇಜು ತೋರಿಸಿ 'ವೆಕಾ ಪಲೆ' ಎಂದೆ. ಅವರ ಭಾಷೆಯಲ್ಲಿ ಅಲ್ಲಿಡು ಎಂದು. ಕತ್ತರಿಗಾದರೆ ಗುರು ಹೇಳಿಕೊಟ್ಟ ನಿಯಮವಿತ್ತು. ಚಪಾತಿಗೆ ಯಾವ ನಿಯಮ?

ಆಮೇಲೆ ಅದೇ ರೂಢಿಯಾಯಿತು. ದಾರಕ್ಕೆ, ಸೀಮೆಸುಣ್ಣಕ್ಕೆ, ಚಹಾಕ್ಕೆ, ಎಲ್ಲಕ್ಕೂ ವೆಕಾ ಪಲೆ. ಹೆಂಗಸರು ನನಗೆ 'ಬ್ವಾನಾ ವೆಕಾ ಪಲೆ' ಎಂದೇ ಹೆಸರಿಟ್ಟರು, ಅಲ್ಲಿಡು ಸಾಹೇಬ. ನಾನೂ ನಗುತ್ತಿದ್ದೆ. ನನ್ನನ್ನು ಆಂಜನಪ್ಪ ಎಂದು ಅಲ್ಲಿ ಯಾರೂ ಕರೆದಿಲ್ಲ. ಆ ಹೆಸರು ಹಿಡಿದು ಕೇಳಿದರೆ ನಿನಗೆ ಯಾರೂ ಸಿಗುವುದಿಲ್ಲ.

ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ನಮ್ಮೂರ ಚಹಾದ ಅಂಗಡಿಯ ಹೊರಗೆ ನಿಲ್ಲುತ್ತಿದ್ದ. ಅಂಗಡಿಯವನು ಲೋಟವನ್ನು ಗೋಡೆಯ ಮೇಲೆ ಇಟ್ಟು ಕೈ ತೆಗೆಯುತ್ತಿದ್ದ. ಅವನು ಪೂರ್ತಿ ಕೈ ತೆಗೆದ ಮೇಲೆ ಅಪ್ಪ ಎತ್ತಿಕೊಳ್ಳಬೇಕು. ಆಗೆಲ್ಲ ಪಂಚೆ ಹಿಡಿದು ನಿಂತು ಅಪ್ಪನ ಮುಖ ನೋಡುತ್ತಿದ್ದವನು ನಾನು. ಅದೇ ಮುಖವನ್ನು ಮೇಜಿನ ಆಚೆ ಕಡೆ ಮತ್ತೆ ನೋಡಿದೆ. ಗುರುತು ಸಿಕ್ಕಿತು. ಆದರೂ ಮಾಡಿದೆ.

ಆಕೆ ಸಿಕ್ಕರೆ ಇಷ್ಟನ್ನೂ ಹೇಳು. ಕತ್ತರಿಯ ನೆಪ ಮಾಡಿ ನನ್ನನ್ನು ಉಳಿಸಬೇಡ.

ಆಂಜನಪ್ಪ


ರಾಯದುರ್ಗ
12 ಜನವರಿ 2025

ಚಿ. ದೇವಿಕಾಳಿಗೆ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅರ್ಥವಾಯಿತು. ಇಂಥವನ ಬಳಿ ಕೆಲಸ ಕಲಿತೆನಲ್ಲ ಎಂದು ನಿನಗೆ ಅನ್ನಿಸಿದರೆ ತಪ್ಪೇನಿಲ್ಲ.

ಈಗ ಅಲ್ಲಿ ಬಿಸಿಲಿನ ಕಾಲ, ಸ್ವೆಟರ್ ಬೇಕಾಗುವುದಿಲ್ಲ. ನೀರು ಮಾತ್ರ ಕುದಿಸಿಯೇ ಕುಡಿ.

ಮಾವ


ಅಥಿ ರಿವರ್
9 ಫೆಬ್ರವರಿ 2025

ನನ್ನ ಮಾವನವರಿಗೆ ದೇವಿಕಾಳ ನಮಸ್ಕಾರಗಳು.

ಸಾಯಿಪ್ರಸಾದನ ತಂದೆಗೆ ಹುಷಾರಿಲ್ಲದೆ ಅವನು ರಜೆ ಬೆಳೆಸಿದ. ಗೋಂದು ಹಚ್ಚಿದ ಲಕೋಟೆ ನನ್ನ ಕೈ ಸೇರಿದ್ದು ಜನವರಿ ಹತ್ತೊಂಬತ್ತಕ್ಕೆ. ಅದು ಬರುವ ಮೊದಲೇ ನಿಮ್ಮ ಜನವರಿ ಕಾಗದ ಗುರುಪ್ರಕಾಶನ ಫೋನಿನಿಂದ ಬಂದಿತ್ತು. ಏನೂ ತಿಳಿಯದೆ, ಮಾವನಿಗೆ ಏನಾಯಿತು ಎಂದು ನಾನಿಲ್ಲಿ ಅಳುತ್ತಿದ್ದೆ. ಹುಚ್ಚು ಮಾವ, ನಾನು ಸಿಟ್ಟಾಗಿರಲಿಲ್ಲ, ನಿಮ್ಮ ಅಂಚೆಯವನು ತನ್ನ ಅಪ್ಪನ ಹಾಸಿಗೆ ಪಕ್ಕ ಕೂತಿದ್ದ ಅಷ್ಟೇ.

ಮಾರನೇ ದಿನ ಇಸ್ತ್ರಿ ವಿಭಾಗದ ಹಿರಿಯಾಕೆಯೊಬ್ಬಳ ಹತ್ತಿರ 'ಬ್ವಾನಾ ವೆಕಾ ಪಲೆ' ಎಂದೆ. ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ನಕ್ಕಳು. "ಆ ಉದ್ದ ಮೂಗಿನವನಾ? ಮಾಮಾ ಮ್ವೆಂದೆಯ ಎದುರು ನಿಲ್ತಿದ್ದನಲ್ಲ!" ಆಕೆಯ ಮನೆ ತನ್ನ ಮನೆಯಿಂದ ನಾಲ್ಕನೆಯದು ಎಂದಳು.

ಮಾಮಾ ಮ್ವೆಂದೆ ಈಗ ಸಂತೆಯ ಸಾಲಿನಲ್ಲಿ ತಗಡಿನ ಪುಟ್ಟ ಅಂಗಡಿ ಇಟ್ಟುಕೊಂಡು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ತುಳಿಯುವ ಮೆಷಿನ್ನು. ನಿನ್ನೆ ಶನಿವಾರ ಹೋದೆ. ಮಗಳು ಮ್ವೆಂದೆಯೂ ಇದ್ದಳು. ಶಾಲೆಯಲ್ಲಿ ಟೀಚರ್, ನನಗೆ ಭಾಷೆ ಸಾಲದ ಕಡೆ ಇಂಗ್ಲಿಷಿನಲ್ಲಿ ಹೇಳಿದಳು. ಆಕೆಯ ಸ್ವಂತ ಹೆಸರು ಸ್ಯೊಂಬುವಾ, ಮಾವ. ಮಳೆ ಬರುವಾಗ ಹುಟ್ಟಿದವಳಂತೆ.

ಹೇಗಿದ್ದೀರಿ ಎಂದು ಕೇಳಿದೆ, ಕುಶಲ ಎಲ್ಲ ಆಯಿತು. ಆಮೇಲೆ ಬಟ್ಟೆ ಬಿಚ್ಚಿ ಕತ್ತರಿ ತೆಗೆದೆ. ನಿಮ್ಮ ಮಾತು ತಲೆಯಲ್ಲೇ ಇತ್ತು. ಆಣೆ ಮಾಡಿ ಹೇಳುತ್ತೇನೆ, ದಾರಿಯುದ್ದಕ್ಕೂ ಕೈಗೆ ಕೊಡಬೇಕು, ಕೈಗೆ ಕೊಡಬೇಕು ಎಂದು ಹೇಳಿಕೊಂಡೇ ಹೋಗಿದ್ದೆ. ಆದರೆ ನನ್ನ ಕೈ ನಿಮ್ಮ ಸ್ಕೇಲಿನ ಏಟು ತಿಂದ ಕೈ. ತಾನಾಗಿಯೇ ಹೋಗಿ ಕತ್ತರಿಯನ್ನು ಮೇಜಿನ ಮೇಲೆ ಇಟ್ಟು, ಹಿಡಿಯನ್ನು ಆಕೆಯ ಕಡೆಗೆ ತಿರುಗಿಸಿ, ಹಿಂದಕ್ಕೆ ಬಂತು!

ಆಕೆ ಕತ್ತರಿ ನೋಡಿದಳು. ನನ್ನ ಕೈ ನೋಡಿದಳು. ಮೆಷಿನ್ನಿನ ಗಾಲಿ ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀನೂ?" ಎಂದಳು. "ಯಾರು ಕಲಿಸಿದ್ದು?"

"ಅವರೇ. ನನ್ನ ಮಾವ."

"ನಿನ್ನ ಅಮ್ಮನಿಗೂ ಹೀಗೇ ಇಡ್ತೀಯಾ?"

"ಅಮ್ಮನಿಗೂ, ಯಾರಿಗಾದರೂ. ಕತ್ತರಿ ಕೈಯಿಂದ ಕೈಗೆ ಹೋದರೆ ಜಗಳ ಆಗುತ್ತೆ ಅಂತ ನಮ್ಮ ಹೊಲಿಗೆಯವರು ಹೇಳ್ತಾರೆ. ಇಷ್ಟವಾದವರಿಗಂತೂ ಕೊಡೋದೇ ಇಲ್ಲ."

ಆಕೆ ನಕ್ಕಳು ಮಾವ. ಮೊದಲು ಸಣ್ಣಗೆ, ಆಮೇಲೆ ಮೇಜು ಹಿಡಿದುಕೊಂಡು. ಮ್ವೆಂದೆ ನೀರು ತಂದಳು. "ಇಪ್ಪತ್ತು ವರ್ಷ!" ಎಂದು ಕಣ್ಣೊರೆಸಿಕೊಂಡಳು. ನೀವು ಹೇಳಿದಂತೆ ಕೈಗೆ ಕೊಟ್ಟಿದ್ದರೆ ಆಕೆಗೆ ಈ ನಿಯಮವನ್ನು ನಂಬಿಸಲು ಆಗುತ್ತಿತ್ತೋ ಇಲ್ಲವೋ.

ಆಮೇಲೆ ನಗು ನಿಂತಿತು. "ಚಪಾತಿಗೂ ಇದೇ ನಿಯಮವಾ?" ಎಂದಳು.

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆಕೆ ನಂಬುತ್ತಿದ್ದಳು, ಎಲ್ಲ ಅಲ್ಲಿಗೇ ಚೆನ್ನಾಗಿ ಮುಗಿಯುತ್ತಿತ್ತು. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ತೆಗೆದು, ಕನ್ನಡದಲ್ಲಿ ಒಂದೊಂದು ಸಾಲು ಓದಿ, ಇಂಗ್ಲಿಷಿನಲ್ಲಿ ಹೇಳಿದೆ. ಮ್ವೆಂದೆ ಅವರ ಭಾಷೆಯಲ್ಲಿ ಹೇಳಿದಳು. ಗಾಜಿನ ಕೋಣೆ ಹೇಳಿದೆ. ಅಜ್ಜನ ಚಹಾ ಲೋಟವನ್ನೂ ಹೇಳಿದೆ. ಅದು ನನಗೂ ಗೊತ್ತಿರಲಿಲ್ಲವಲ್ಲ ಮಾವ. ಅವ್ವ ಯಾವತ್ತೂ ಹೇಳಿಲ್ಲ.

ಆಕೆ ಯೂನಿಫಾರ್ಮಿನ ಅಂಚನ್ನು ಮಡಿಸಿದಳು. ಆಮೇಲೆ ಹೇಳಿದಳು: "ಸಿಟ್ಟು ಬಂದಿತ್ತು. ಇಲ್ಲ ಅನ್ನಲ್ಲ. ಎರಡನೇ ಶನಿವಾರ ಮಾಡಬಾರದು ಅಂದುಕೊಂಡೆ. ಆದರೆ ಸೋಮವಾರ ಬೆಳಿಗ್ಗೆ ತಟ್ಟೆ ನನ್ನ ಜಾಗದಲ್ಲಿತ್ತು, ತೊಳೆದು ಒರೆಸಿ. ನಾಯಿಗೆ ಹಾಕಿದ್ದರೆ ತಟ್ಟೆ ಯಾಕೆ ತೊಳೀತಾನೆ? ಈ ಮನುಷ್ಯ ತಿಂದಿದ್ದಾನೆ, ಎಲ್ಲೋ ಕದ್ದು ತಿಂದಿದ್ದಾನೆ ಅಂತ ಗೊತ್ತಾಯ್ತು. ಅದಕ್ಕೇ ಮತ್ತೆ ಮಾಡಿದೆ. ಚೆನ್ನಾಗಿತ್ತು ಅಂತ ಒಂದು ದಿನ ಹೇಳ್ತಾನೆ ಅಂತ ಕಾದೆ. ಕೇಳು ಅವನನ್ನ. ಉಪ್ಪು ಸರಿಯಿತ್ತಾ?"

ಇದನ್ನು ನೀವು ಬರೆದಿಲ್ಲ ಮಾವ. ಗೋಂದು ಹಚ್ಚಿದ ಕಾಗದದಲ್ಲೂ ಬರೆದಿಲ್ಲ.

ಏಳುವಾಗ ಆಕೆ ಅಂಗಡಿಯ ಮೂಲೆಯಲ್ಲಿದ್ದ ಒಲೆಯ ಮೇಲಿಂದ ಚಪಾತಿ ತೆಗೆದು ಎರಡೂ ಕೈಯಲ್ಲಿ ಚಾಚಿದಳು. ಎರಡೂ ಕೈಯಲ್ಲಿ ತೆಗೆದುಕೊಂಡು ಅಲ್ಲೇ ನಿಂತು ತಿಂದೆ. ನಿಮಗೂ ಪ್ರಯಾಣದ ಬುದ್ಧಿಮಾತು ಹೇಳಿ ಕಳಿಸಿದ್ದಾಳೆ: ಜುಲೈ ಬೇಡ, ಚಳಿ. ಜನವರಿಯಲ್ಲಿ ಬರಲಿ. ಸಾಮಾನು ಕಡಿಮೆ ತರಲಿ, ಎರಡೂ ಕೈ ಖಾಲಿ ಇರಲಿ.

ಇದನ್ನು ಗುರುಪ್ರಕಾಶ್ ಜೋರಾಗಿಯೇ ಓದಲಿ.

ನಿಮ್ಮ,
ದೇವಿಕಾ


ರಾಯದುರ್ಗ
26 ಫೆಬ್ರವರಿ 2025

ಚಿ. ದೇವಿಕಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊದಲು ಸ್ಯೊಂಬುವಾ ಅಮ್ಮನಿಗೆ ಉತ್ತರ ಹೇಳು. ಉಪ್ಪು ಸರಿಯಿತ್ತು. ಒಂದೇ ಒಂದು ಶನಿವಾರ ಹಾಕುವುದನ್ನು ಮರೆತಿದ್ದಳು. ಆ ವಾರ ಮಗಳಿಗೆ ಜ್ವರವಂತೆ ಎಂದು ಆಮೇಲೆ ತಿಳಿಯಿತು. ಎಲ್ಲರೂ ಹೋದ ಮೇಲೆ ಸ್ಟೋರಿನಲ್ಲಿ ಬಟ್ಟೆಯ ಥಾನುಗಳ ಹಿಂದೆ ಕೂತು ತಿನ್ನುತ್ತಿದ್ದೆ. ತಣ್ಣಗಾಗಿರುತ್ತಿತ್ತು. ಮೂರು ವರ್ಷದಲ್ಲಿ ಮನೆಯ ರುಚಿ ಸಿಕ್ಕಿದ್ದು ಅದೊಂದರಲ್ಲೇ. ತಿರಸ್ಕಾರ ಮಾಡಿದ್ದನ್ನು ಬರೆಯುವುದಕ್ಕಿಂತ ಈ ಕದ್ದು ತಿಂದದ್ದನ್ನು ನಿನಗೆ ಬರೆಯಲು ಹೆಚ್ಚು ನಾಚಿಕೆಯಾಯಿತು.

ನಿನ್ನ ಕಾಗದ ಹಿಡಿದು ಗುರುಪ್ರಕಾಶ್ ನಿನ್ನೆ ಸಂಜೆ ಶೆಡ್ಡಿಗೇ ಬಂದ. ಕರೆಂಟು ಹೋಗಿ ಮೆಷಿನ್ನುಗಳು ನಿಂತಿದ್ದವು. ಅವನು ಗಂಟಲು ಸರಿಮಾಡಿಕೊಳ್ಳುವಾಗ ನಾನೇ ತಡೆದೆ. ಗುಮ್ಮಘಟ್ಟದ ಸೂರಪ್ಪನಿಂದ ಹಿಡಿದು ಎಲ್ಲವನ್ನೂ ಹೊಲಿಯುವ ಹೆಂಗಸರ ಮುಂದೆ ನಾನೇ ಹೇಳಿದೆ. ಸಿಂಹಕ್ಕೆ ನಕ್ಕರು. ಗಾಜಿನ ಕೋಣೆಗೆ ಯಾರೂ ನಗಲಿಲ್ಲ. ಅಪ್ಪನ ಲೋಟದ ಮಾತು ಬಂದಾಗ ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲ ಕಲ್ಲಿನ ಪಕ್ಕ ದ್ಯಾಮಮ್ಮ ಚಿಂದಿಯ ಮೂಟೆಗೆ ಒರಗಿ ಕೂತು ಕೇಳುತ್ತಿದ್ದಳು. ನಾಲ್ಕು ಗಂಟೆಯ ಲೋಟ ಇನ್ನೂ ಆ ಕಲ್ಲಿನ ಮೇಲೇ ಇತ್ತು. ಶೆಡ್ಡು ಹಾಕಿದ ವರ್ಷ ಆ ಕಲ್ಲನ್ನು ಅಲ್ಲಿ ಇಡಿಸಿದವನು ನಾನೇ, ದೇವಿಕಾ. ಹದಿನಾಲ್ಕು ವರ್ಷ ಅದನ್ನು ನೋಡಿ ಗಂಟೆ ತಿಳಿದುಕೊಂಡೆ, ಬೇರೇನೂ ತಿಳಿದುಕೊಳ್ಳಲಿಲ್ಲ. ಮುಂದಿನ ಮಾತು ಮರೆತುಹೋಯಿತು.

ಆಗ ನಿನ್ನ ಅತ್ತೆ ಬಾಲಮ್ಮ, "ಆ ದೇಶದಾಗ ತಟ್ಟಿ ತೊಳದು ಒರಸಿ ಇಡ್ತಿದ್ರಂತ! ಇಲ್ಲಿ ಮೂವತ್ತೈದು ವರ್ಷದಾಗ ಒಂದು ಲೋಟ ತೊಳದಿಲ್ಲ" ಎಂದಳು. ಎಲ್ಲರೂ ನಕ್ಕು ಎದ್ದರು.

ಇವತ್ತು ಬೆಳಿಗ್ಗೆ ದ್ಯಾಮಮ್ಮನ ಕೈಗೆ ಲೋಟವನ್ನು ನಾನೇ ಮೊದಲು ಕೊಡಬೇಕೆಂದು ಬೇಗ ಬಂದೆ. ಆದರೂ ತಡವಾಗಿತ್ತು. ಪಂಪಮ್ಮ ಕೆಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದ್ಯಾಮಮ್ಮ ಪೊರಕೆ ಇಟ್ಟು ಬಂದು, ದಿನದಂತೆ ಎರಡು ಹೆಜ್ಜೆ ಹಿಂದೆ ನಿಂತು, ಲೋಟ ಇಡಲೆಂದು ಕಾದಳು. ಪಂಪಮ್ಮ ಇಡಲಿಲ್ಲ. ಲೋಟ ಹಿಡಿದು ಚಾಚಿದ ಕೈ ಚಾಚಿಯೇ ಇತ್ತು. ದ್ಯಾಮಮ್ಮನಿಗೆ ಗೊತ್ತಾಗಲಿಲ್ಲ, ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಹಿಡಿ ಅಕ್ಕಾ, ಕೈ ಸುಡಾಕತ್ತೈತಿ" ಎಂದಳು ಪಂಪಮ್ಮ.

ದ್ಯಾಮಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ತೆಗೆದುಕೊಂಡಳು. ಹೊಲಿಯುವ ಹೆಂಗಸರು ಒಬ್ಬೊಬ್ಬರಾಗಿ ಬಂದು, ಅವರಿಬ್ಬರನ್ನು ದಾಟಿ, ತಮ್ಮ ತಮ್ಮ ಮೆಷಿನ್ನಿಗೆ ಹೋಗಿ ಕೂತರು. ಪಂಪಮ್ಮ ತನ್ನ ಲೋಟಕ್ಕೂ ಚಹಾ ಬಗ್ಗಿಸಿಕೊಂಡು, ಕೂರಲು ಜಾಗ ನೋಡಿ, ಆ ಕಲ್ಲಿನ ಮೇಲೆ ಕೂತು ಕುಡಿದಳು.

ನಿನ್ನ ಮಾವ,
ಆಂಜನಪ್ಪ